ಹಳೆಯ ಕಾರಿನ ಜೀರ್ಣೋದ್ಧಾರ

ಹಳೆಯ ವಾಲ್ವ್ ರೇಡಿಯೋ ಒಂದನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ, ನಿಲ್ದಾಣ ಸರಿಯಾಗಿ ಸಿಕ್ಕಾಗ ಕಿರಿದಾಗುವ ಹಸಿರು ಕಣ್ಣು. ತಂದೆಯವರೋ ತಾತನವರೋ ಕೊಂಡದ್ದು. ಮಾರಲು ಮನಸ್ಸಿಲ್ಲ, ಎಸೆಯುವ ಮಾತಂತೂ ಇಲ್ಲವೇ ಇಲ್ಲ. ಒಂದು ದಿನ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಹಾಡಿಸಬೇಕೆಂಬ ಆಸೆ ಹುಟ್ಟುತ್ತದೆ. ಆಗ ಎದುರಿಗೆ ಎರಡು ದಾರಿಗಳು ಕಾಣುತ್ತವೆ. ಸುಟ್ಟುಹೋದ ವಾಲ್ವಿನ ಜಾಗಕ್ಕೆ ಅದೇ ಜಾತಿಯ ವಾಲ್ವನ್ನು ಹುಡುಕಿ ತಂದು ಹಾಕುವುದು ಒಂದು. ಒಳಗಿನದನ್ನೆಲ್ಲ ಕಿತ್ತು, ಹಳೆಯ ಪೆಟ್ಟಿಗೆಯೊಳಗೆ ಹೊಸ ಯಂತ್ರವನ್ನು ಕೂರಿಸುವುದು ಇನ್ನೊಂದು. ಮೊದಲನೆಯದು ಜೀರ್ಣೋದ್ಧಾರ, ಎರಡನೆಯದು ಮಾರ್ಪಾಟು. ಎರಡಕ್ಕೂ ತಮ್ಮ ತಮ್ಮ ನ್ಯಾಯವುಂಟು, ಅಪಾಯವೂ ಉಂಟು.

ರೇಡಿಯೋ ವಿಷಯದಲ್ಲಿ ತಪ್ಪಿದರೆ ಹಾಡು ಕೇಳಿಸದೆ ಹೋಗಬಹುದು. ಮೋಟಾರು ಕಾರಿನ ವಿಷಯದಲ್ಲಿ ತಪ್ಪಿದರೆ ಜೀವವೇ ಹೋಗಬಹುದು. ಆದರೂ ಇಂಗ್ಲೆಂಡಿನಲ್ಲಿ ಸಾವಿರಾರು ಮಂದಿ ಗೃಹಸ್ಥರು ತಮ್ಮ ಮನೆಯ ಪಕ್ಕದ ಷೆಡ್ಡಿನಲ್ಲಿಯೇ ಹಳೆಯ ಸ್ಪೋರ್ಟ್ಸ್ ಕಾರನ್ನು ಬಿಚ್ಚಿ, ಬೆಸೆದು, ಮತ್ತೆ ರಸ್ತೆಗೆ ತರುವ ಕೆಲಸವನ್ನು ಹವ್ಯಾಸವಾಗಿ ನಡೆಸುತ್ತಾರೆ. ಈ ಕೆಲಸ ಹೇಗೆ ನಡೆಯುತ್ತದೆ, ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಒಂದೇ ಕಾರನ್ನು ಎದುರಿಗೆ ಇಟ್ಟುಕೊಂಡು ನೋಡೋಣ.

ಆ ಕಾರಿನ ಹೆಸರು ಎಂಜಿಬಿ. ಆಕ್ಸ್‌ಫರ್ಡಿಗೆ ಸಮೀಪದಲ್ಲಿ, ಥೇಮ್ಸ್ ನದಿಯ ದಡದಲ್ಲಿರುವ ಆಬಿಂಗ್ಡನ್ ಎಂಬ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಇದು ತಯಾರಾಯಿತು. ಇಬ್ಬರು ಕೂರುವ, ಮೇಲ್ಛಾವಣಿಯನ್ನು ಮಡಿಸಬಹುದಾದ ತೆರೆದ ಕಾರು. 1965ರಲ್ಲಿ ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಬಂದಿತು. ಎರಡೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದುವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದುವು. ಇದರ ಎಂಜಿನ್ನು ನಾಲ್ಕು ಸಿಲಿಂಡರಿನದು, 1798 ಸಿಸಿ ಗಾತ್ರದ್ದು. ಎರಡು ಎಸ್‌ಯು ಕಾರ್ಬುರೇಟರುಗಳು. ಶಕ್ತಿ ಸುಮಾರು 95 ಕುದುರೆ.

ಈ ಎಂಜಿನ್ನು ನಮಗೆ ತೀರ ಅಪರಿಚಿತವೇನೂ ಅಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರು ತಮ್ಮ ಬೇರೆ ಬೇರೆ ಕಾರುಗಳಿಗೆ ಹಾಕುತ್ತಿದ್ದ ಬಿ-ಸೀರೀಸ್ ಎಂಬ ವಂಶಕ್ಕೆ ಇದು ಸೇರಿದ್ದು. ಅದೇ ವಂಶದ 1489 ಸಿಸಿ ಎಂಜಿನ್ನು ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ದುಡಿಯಿತು. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಆ ಕಾರಿನಲ್ಲಿ ಕೂರದ ಹಿರಿಯರು ನಮ್ಮಲ್ಲಿ ಯಾರಿದ್ದಾರೆ? ಮದುವೆಯ ದಿಬ್ಬಣಕ್ಕೂ ಕಲೆಕ್ಟರರ ಸವಾರಿಗೂ ಒಂದೇ ಕಾರು. ಅದರ ಎಂಜಿನ್ನನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ಕರಿಗೆ ಎಂಜಿಬಿಯ ಮುಚ್ಚಳವನ್ನು ಎತ್ತಿ ತೋರಿಸಿದರೆ, ಒಂದೇ ಮನೆತನದ ಮುಖಚರ್ಯೆ ತಟ್ಟನೆ ಗುರುತು ಸಿಕ್ಕೀತು.

ಹಳೆಯ ಕಾರುಗಳಲ್ಲಿ ಇದನ್ನೇ ಮನೆಯ ಷೆಡ್ಡಿಗೆ ಆರಿಸಿಕೊಳ್ಳುವವರು ಹೆಚ್ಚು. ರಚನೆ ಸರಳ, ಸ್ಪಾನರು ಹಾಕಲು ಕೈ ಆಡುವಷ್ಟು ಜಾಗವಿದೆ, ಎಲೆಕ್ಟ್ರಾನಿಕ್ ಕಗ್ಗಂಟುಗಳು ಇಲ್ಲ. ಬಿಡಿ ಭಾಗಗಳೂ ದೊರೆಯುತ್ತವೆ. ಕಾರ್ಖಾನೆ ಮುಚ್ಚಿದ ಮೇಲೆ ಅದರ ಹಳೆಯ ಅಚ್ಚುಗಳನ್ನು ಹುಡುಕಿ ಕೂಡಿಸಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ 1988ರಲ್ಲಿ ಈ ಕಾರಿನ ಇಡೀ ಮೈಯನ್ನೇ ಹೊಸದಾಗಿ ಮಾಡಿ ಮಾರಲು ತೊಡಗಿತು. ಸತ್ತ ಕಾರಿಗೆ ಹೊಸ ದೇಹ ದೊರೆಯುವ ಭಾಗ್ಯ ಎಲ್ಲ ಕಾರುಗಳಿಗೂ ಇಲ್ಲ.

ಇನ್ನು ಕೆಲಸದ ವಿಷಯ. ಹೊಸಬರು ಮಾಡುವ ಮೊದಲ ತಪ್ಪೆಂದರೆ ಎಂಜಿನ್ನಿನಿಂದ ಆರಂಭಿಸುವುದು. ಎಂಜಿನ್ನು ಸದ್ದು ಮಾಡುವ ವಸ್ತು. ಅದು ಗುಡುಗಿದರೆ ಮನಸ್ಸಿಗೆ ಉತ್ಸಾಹ. ಆದರೆ ಎಂಜಿಬಿಯ ಆಯುಸ್ಸು ಇರುವುದು ಎಂಜಿನ್ನಿನಲ್ಲಲ್ಲ, ಬಾಗಿಲಿನ ಕೆಳಗೆ ಉದ್ದಕ್ಕೆ ಹಾಯ್ದಿರುವ ತಗಡಿನ ಪೆಟ್ಟಿಗೆಯಲ್ಲಿ. ಇದಕ್ಕೆ ಸಿಲ್ಲು ಎಂದು ಹೆಸರು. ಹೊಸಿಲಿನ ಜಾಗದಲ್ಲಿ ಇರುವುದರಿಂದ ಕಾರಿನ ಹೊಸಿಲು ಎಂದೇ ಕರೆಯೋಣ.

ಇದಕ್ಕೆ ಮೊದಲು ಬಂದ ಎಂಜಿಎ ಕಾರಿಗೆ ಲಾರಿಯಂತೆ ಬೇರೆಯೇ ಆದ ಉಕ್ಕಿನ ಚಾಸಿಸ್ಸು ಇತ್ತು. ಮೈ ಅದರ ಮೇಲೆ ಕುಳಿತಿತ್ತು. ಎಂಜಿಬಿಯಲ್ಲಿ ಚಾಸಿಸ್ಸೇ ಇಲ್ಲ. ಮಡಿಸಿ ಬೆಸೆದ ತಗಡುಗಳೇ ಸೇರಿ ಭಾರವನ್ನು ಹೊರುತ್ತವೆ. ಅದರಲ್ಲಿಯೂ ತೆರೆದ ಕಾರಿಗೆ ಛಾವಣಿಯ ಆಸರೆಯಿಲ್ಲವಾದ್ದರಿಂದ ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ನಡುವೆ ಬೆನ್ನೆಲುಬಾಗಿ ನಿಲ್ಲುವುದು ಈ ಎರಡು ಹೊಸಿಲುಗಳೇ. ಹೊರ ತಗಡು, ನಡುವಿನ ತಗಡು, ಒಳ ತಗಡು, ಕೆಳಗೆ ಕೋಟೆಯ ತೆನೆಯಂತೆ ಹಲ್ಲು ಹಲ್ಲಾಗಿರುವ ಒಂದು ಪಟ್ಟಿ ಇವಿಷ್ಟೂ ಸೇರಿ ಒಂದು ಮುಚ್ಚಿದ ಪೆಟ್ಟಿಗೆಯಾಗುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಪೆಟ್ಟಿಗೆಯೊಳಗೆ ಸೇರುತ್ತದೆ, ಕೆಸರು ಅದನ್ನು ಆರದಂತೆ ಹಿಡಿದಿಡುತ್ತದೆ. ಹೀಗೆ ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಎದ್ದಿತೆಂದರೆ ಒಳಗಿನ ಕೆಲಸ ಮುಗಿದಿದೆ ಎಂದೇ ತಿಳಿಯಬೇಕು.

ಗೆದ್ದಲು ಹಿಡಿದ ತೊಲೆಗೆ ಸುಣ್ಣ ಬಳಿದು ಮನೆ ಮಾರುವವರು ಎಲ್ಲ ಕಡೆಯೂ ಇದ್ದಾರೆ. ಕೊಳೆತ ಹೊಸಿಲಿನ ಮೇಲೆಯೇ ಹೊಳೆಯುವ ಹೊಸ ತಗಡೊಂದನ್ನು ಹೊದಿಸಿ ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದುಬಿಟ್ಟರೆ ಕಣ್ಣಿಗೆ ಏನೂ ತಿಳಿಯದು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಇದನ್ನು ಪತ್ತೆ ಮಾಡಲು ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗೆ ಮೆಲ್ಲನೆ ಎಳೆಯಬೇಕು. ಉಕ್ಕು ಇದ್ದಲ್ಲಿ ಅದು ಅಂಟುತ್ತದೆ. ಪುಟ್ಟಿ ದಪ್ಪವಾಗಿದ್ದಲ್ಲಿ ಜಾರುತ್ತದೆ. ಬಾಗಿಲನ್ನು ತೆರೆದು ಮುಚ್ಚಿಯೂ ನೋಡಬೇಕು. ಬಾಗಿಲಿನ ಸುತ್ತಲಿನ ಸಂದು ಮೇಲುಗಡೆ ಕಿರಿದಾಗಿ ಕೆಳಗಡೆ ಅಗಲವಾಗಿದ್ದರೆ ಕಾರಿನ ನಡು ಬಗ್ಗಿದೆ ಎಂದರ್ಥ.

ಹೊಸಿಲನ್ನು ಬದಲಾಯಿಸುವ ಕ್ರಮವೂ ಇದರಿಂದಲೇ ಹೊರಡುತ್ತದೆ. ಬೆನ್ನೆಲುಬನ್ನು ಕೊಯ್ಯುವಾಗ ದೇಹ ಕುಸಿಯದಂತೆ ನೋಡಿಕೊಳ್ಳಬೇಕು. ಆದ್ದರಿಂದ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಉಕ್ಕಿನ ಕಂಬಿಗಳನ್ನು ತಾತ್ಕಾಲಿಕವಾಗಿ ಬಿಗಿಯುತ್ತಾರೆ. ಒಂದು ಕಡೆಯ ಕೆಲಸ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆಯನ್ನು ಮುಟ್ಟುವುದಿಲ್ಲ. ಬೆಸುಗೆಯ ನಡುವೆ ಬಾಗಿಲನ್ನು ಆಗಾಗ ತೂಗುಹಾಕಿ ಸಂದನ್ನು ಅಳೆಯುತ್ತಾರೆ. ಇಷ್ಟು ಎಚ್ಚರ ತಪ್ಪಿದರೆ ಹೊಸ ತಗಡಿನ ಕಾರಿಗೆ ಬಾಗಿಲೇ ಮುಚ್ಚಿಕೊಳ್ಳದು. ತಿಂಗಳುಗಟ್ಟಲೆ ಮಾಡಿದ ದುಡಿಮೆಯನ್ನು ಮತ್ತೆ ಕೊಯ್ಯಬೇಕಾದೀತು. ಮೈಯ ಕೆಲಸ ಹೀಗೆ ನಿಧಾನವಾದದ್ದು, ಬೇಸರ ತರಿಸುವಂಥದು. ಅರ್ಧಕ್ಕೆ ನಿಂತ ಕಾರುಗಳೆಲ್ಲ ಸಾಮಾನ್ಯವಾಗಿ ನಿಂತಿರುವುದು ಈ ಘಟ್ಟದಲ್ಲಿಯೇ.

ಷೆಡ್ಡಿನ ಅಪಾಯಗಳ ವಿಷಯವಾಗಿ ಇಲ್ಲಿಯೇ ಎರಡು ಮಾತು ಹೇಳಬೇಕು. ಜ್ಯಾಕು ಇರುವುದು ಎತ್ತುವುದಕ್ಕೆ, ಹೊತ್ತುಕೊಂಡು ನಿಲ್ಲುವುದಕ್ಕಲ್ಲ. ಕಾರನ್ನು ಎತ್ತಿದ ಮೇಲೆ ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ಒಮ್ಮೆ ಕೈಯಿಂದ ಅಲುಗಿಸಿ ನೋಡಿ, ಆಮೇಲೆಯೇ ಕೆಳಗೆ ತೂರಬೇಕು. ಬೆಸುಗೆ ಹಿಡಿಯುವ ಮೊದಲು ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲು ತೊಟ್ಟಿಯನ್ನು ಷೆಡ್ಡಿನಿಂದಲೇ ಹೊರಗೆ ಸಾಗಿಸಬೇಕು. ತುಂಬಿದ ತೊಟ್ಟಿಗಿಂತ ಬರಿದಾದ ತೊಟ್ಟಿಯ ಆವಿ ಹೆಚ್ಚು ಅಪಾಯಕಾರಿ. ಹಳೆಯ ಬ್ರೇಕು ಪಟ್ಟಿಗಳಲ್ಲಿ ಆಸ್‌ಬೆಸ್ಟಾಸ್ ಇರುವುದುಂಟು. ಆ ಧೂಳನ್ನು ಊದಿ ಹಾರಿಸಬಾರದು. ಕೊನೆಯದಾಗಿ, ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗಿತೆಂದು ಅರಿವಾಗುವ ಹೊತ್ತಿಗೆ ಎದ್ದು ಹೋಗುವ ಶಕ್ತಿಯೂ ಉಳಿದಿರುವುದಿಲ್ಲ.

ಮೈ ಗಟ್ಟಿಯಾದ ಮೇಲೆ ಎಂಜಿನ್ನಿನ ಸರದಿ. ಬಿಚ್ಚುವ ಮೊದಲು ಅಳತೆ ಮಾಡುವುದು ಜಾಣತನ. ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನೂ ಅಳೆದು ನೋಡಬೇಕು. ನಾಲ್ಕರ ಅಂಕಿಗಳೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯ ಲಕ್ಷಣ. ಒಂದರಲ್ಲಿ ಮಾತ್ರ ಕಡಮೆಯಿದ್ದರೆ ಆ ಸಿಲಿಂಡರಿನೊಳಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ನಿನ ಬಳೆಗಳು ಸವೆದಿವೆ. ಏರದಿದ್ದರೆ ದೋಷ ವಾಲ್ವಿನ ಕಡೆಗೆ. ರೋಗಿಯ ನಾಡಿ ಹಿಡಿದು ನೋಡದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರುಂಟೆ? ವಾಲ್ವುಗಳ ಸಂದು ಈ ಎಂಜಿನ್ನಿಗೆ ತಣ್ಣಗಿರುವಾಗ ಒಂದು ಇಂಚಿನ ಸಾವಿರದಲ್ಲಿ 15 ಭಾಗ, ಎಂದರೆ ಹೆಚ್ಚು ಕಡಮೆ 0.38 ಮಿಲಿಮೀಟರು. ಫೀಲರ್ ಗೇಜಿನಿಂದ ಅಳೆದು ಸರಿಪಡಿಸುವ ಈ ಕೆಲಸವನ್ನು ಯಾವ ಹವ್ಯಾಸಿಯಾದರೂ ಒಂದು ಬೆಳಗಿನಲ್ಲಿ ಮುಗಿಸಬಹುದು.

ಕೆಲವು ಬದಲಾವಣೆಗಳು ಇಷ್ಟಪಟ್ಟು ಮಾಡುವಂಥವಲ್ಲ, ಕಾಲವೇ ಮಾಡಿಸುವಂಥವು. ಈ ಎಂಜಿನ್ನು ಹುಟ್ಟಿದಾಗ ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರು. ಹೊಗೆ ಹೊರಗೆ ಹೋಗುವ ವಾಲ್ವು ಕೆಂಪಗೆ ಕಾದು ತನ್ನ ಪೀಠದ ಮೇಲೆ ಬಡಿಯುವಾಗ, ಆ ಸೀಸ ನಡುವೆ ತೆಳುವಾದ ಲೇಪವಾಗಿ ನಿಂತು ಲೋಹವನ್ನು ಕಾಪಾಡುತ್ತಿತ್ತು. ಸೀಸ ಮನುಷ್ಯರಿಗೆ, ಅದರಲ್ಲಿಯೂ ಮಕ್ಕಳ ಮಿದುಳಿಗೆ, ವಿಷವೆಂದು ಸ್ಥಿರಪಟ್ಟ ಮೇಲೆ ಅದನ್ನು ಕೈಬಿಟ್ಟರು. ಬ್ರಿಟನ್ನಿನಲ್ಲಿ 1999ರ ಕೊನೆಗೂ ನಮ್ಮ ದೇಶದಲ್ಲಿ 2000ದಲ್ಲಿಯೂ ಅದರ ಮಾರಾಟ ನಿಂತಿತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಬಿರುಸಾಗಿ ಓಡಿಸಿದರೆ ಹಳೆಯ ಎರಕದ ಪೀಠ ಸವೆದು ವಾಲ್ವು ಕ್ರಮೇಣ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಹೆಡ್ಡನ್ನು ಬಿಚ್ಚಿದಾಗ ಗಟ್ಟಿ ಲೋಹದ ಬಳೆಗಳನ್ನು ಪೀಠವಾಗಿ ಕೂರಿಸಿಬಿಡುತ್ತಾರೆ. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಯುತ್ತಿದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಅದರ ಪ್ರಮಾಣ ನೂರಕ್ಕೆ 10ರವರೆಗೂ ಇರಬಹುದು. ಹಳೆಯ ರಬ್ಬರು ಕೊಳವೆಗಳನ್ನು ಅದು ಮೆತ್ತಗೆ ಮಾಡಿ ಬಿರಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಎಥೆನಾಲನ್ನು ತಡೆಯಬಲ್ಲ ಹೊಸ ಕೊಳವೆಗಳನ್ನು ಹಾಕುವುದು ಅಗ್ಗದ ವಿಮೆ.

ವಿದ್ಯುತ್ತಿನ ಕಡೆಯಲ್ಲಿ ಒಂದು ಸ್ವಾರಸ್ಯವಿದೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನ ತುದಿ ಕಾರಿನ ಮೈಗೆ ಸೇರಿತ್ತು. ಆಮೇಲಿನವುಗಳಲ್ಲಿ ಋಣ ತುದಿ. ಇದನ್ನು ಗಮನಿಸದೆ ಹೊಸ ರೇಡಿಯೋವನ್ನೋ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೋ ಹಳೆಯ ಕಾರಿಗೆ ಕೂಡಿಸಿದರೆ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ. ಮೊದಲಿನ ವರ್ಷಗಳ ಎಂಜಿಬಿಗಳಲ್ಲಿ ಬ್ಯಾಟರಿಗಳೂ ಒಂದಲ್ಲ ಎರಡು. ಆರಾರು ವೋಲ್ಟಿನವು, ಸೀಟಿನ ಹಿಂದಿನ ನೆಲದಡಿಯಲ್ಲಿ ಅಡಗಿ ಕುಳಿತಿರುತ್ತವೆ. ಕಣ್ಣಿಗೆ ಬೀಳದ್ದರಿಂದ ಅವಕ್ಕೆ ನೀರು ಹಾಕಲು ಎಲ್ಲರೂ ಮರೆಯುವರು.

ಇಲ್ಲಿಯವರೆಗಿನದು ಜೀರ್ಣೋದ್ಧಾರ. ಈಗ ಮಾರ್ಪಾಟಿನ ಮಾತು. ಹಳೆಯ ಕಾರು ಓಡಿತೆಂದಾಗ ಇನ್ನಷ್ಟು ಜೋರಾಗಿ ಓಡಲಿ ಎಂಬ ಆಸೆ ಹುಟ್ಟುವುದು ಸಹಜ. ಇಲ್ಲಿ ಮರೆಯಬಾರದ ತತ್ತ್ವ ಒಂದೇ. ಕಾರಿನಲ್ಲಿ ಯಾವ ಬದಲಾವಣೆಯೂ ಒಂಟಿಯಾಗಿ ಬರುವುದಿಲ್ಲ. ಅದು ತನ್ನ ಹಿಂದೆ ಒಂದು ಸಂಸಾರವನ್ನೇ ಕರೆತರುತ್ತದೆ. ಗಂಟೆಗೆ 60 ಮೈಲಿಯಲ್ಲಿ ಹೋಗುತ್ತಿದ್ದ ಕಾರು 75 ಮೈಲಿಗೆ ಏರಿದರೆ ವೇಗ ಹೆಚ್ಚಿದ್ದು ನಾಲ್ಕನೆಯ ಒಂದು ಪಾಲು ಮಾತ್ರ. ಆದರೆ ಬ್ರೇಕು ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ, ಅದು ಮೊದಲಿನದರ ಒಂದೂವರೆ ಪಾಲಿಗೂ ಮೀರುತ್ತದೆ. ಆದ್ದರಿಂದ ಶಕ್ತಿಯನ್ನು ಏರಿಸುವವನು ನಿಲ್ಲಿಸುವ ಸಾಧನವನ್ನು ಮೊದಲು ಬಲಪಡಿಸಬೇಕು.

ಈ ಪಾಠವನ್ನು ಸ್ವತಃ ಕಾರ್ಖಾನೆಯವರೇ ಕಷ್ಟಪಟ್ಟು ಕಲಿತರು. 1967ರಲ್ಲಿ ಎಂಜಿಬಿಯ ಮೈಯೊಳಗೆ 2912 ಸಿಸಿಯ, ಆರು ಸಿಲಿಂಡರಿನ, ಭಾರವಾದ ಎರಕದ ಎಂಜಿನ್ನನ್ನು ತುರುಕಿ ಎಂಜಿಸಿ ಎಂಬ ಕಾರನ್ನು ಹೊರಡಿಸಿದರು. ಶಕ್ತಿಯೇನೋ ಹೆಚ್ಚಿತು, ಮೂಗೂ ಭಾರವಾಯಿತು. ತಿರುವಿನಲ್ಲಿ ಕಾರು ನೆಟ್ಟಗೆ ಮುನ್ನುಗ್ಗಲು ಹವಣಿಸುತ್ತದೆಂದು ಪತ್ರಿಕೆಗಳು ದೂರಿದುವು. 1969ರಲ್ಲಿ ಅದರ ತಯಾರಿಕೆಯೇ ನಿಂತಿತು. 1970ರ ಸುಮಾರಿಗೆ ಕೆನ್ ಕಾಸ್ಟೆಲೊ ಎಂಬ ರೇಸು ಚಾಲಕರು ಅದೇ ಎಂಜಿಬಿಯೊಳಗೆ ರೋವರ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನ್ನನ್ನು ಕೂರಿಸಿ ತೋರಿಸಿದರು. 3528 ಸಿಸಿ, ಎಂದರೆ ಮೂಲದ ಎರಡರಷ್ಟು. ಆದರೂ ಅಲ್ಯೂಮಿನಿಯಮ್ಮಿನದಾದ್ದರಿಂದ ಹಳೆಯ ಎರಕದ ಎಂಜಿನ್ನಿಗೂ ಅದಕ್ಕೂ ತೂಕದಲ್ಲಿ ಹೆಚ್ಚು ಅಂತರವಿರಲಿಲ್ಲ. ಕಾರ್ಖಾನೆಯವರೂ ಆ ದಾರಿಯನ್ನೇ ಹಿಡಿದು 1973ರಿಂದ 1976ರವರೆಗೆ ಎಂಜಿಬಿ ಜಿಟಿ ವಿ8 ಎಂಬ ಮಾದರಿಯನ್ನು ಮಾಡಿದರು. ಎಂಜಿನ್ನಿನ ಜೊತೆಗೆ ಬ್ರೇಕಿನ ತಟ್ಟೆಗಳನ್ನು ದಪ್ಪ ಮಾಡಿದರು, ಗಾಲಿಗಳನ್ನು ಗಟ್ಟಿ ಮಾಡಿದರು, ಹಿಂದಿನ ಆಕ್ಸಲಿನ ಹಲ್ಲುಗಳ ಅನುಪಾತವನ್ನು ಬದಲಿಸಿದರು. ಕಾಸ್ಟೆಲೊ ಅವರ ಧೈರ್ಯ, ಕಾರ್ಖಾನೆಯ ಲೆಕ್ಕಾಚಾರ ಎರಡೂ ಒಂದೇ ಮಾತನ್ನು ಹೇಳುತ್ತವೆ. ಶಕ್ತಿಗಿಂತ ಸಮತೂಕ ಮುಖ್ಯ.

ಮನೆಯ ಷೆಡ್ಡಿನವರು ಇಷ್ಟು ದೂರ ಹೋಗಬೇಕಾಗಿಲ್ಲ. ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ನು, ಉದ್ದ ಪಯಣಕ್ಕೆ ಐದು ಗೇರುಗಳ ಪೆಟ್ಟಿಗೆ, ಒಳ್ಳೆಯ ಸೀಟು ಬೆಲ್ಟುಗಳು, ಬೆಳಕು ಚೆನ್ನಾಗಿ ಬೀರುವ ದೀಪಗಳು ಇಂಥವು ಕಾರಿನ ಮುಖವನ್ನು ಕೆಡಿಸದೆ ಸವಾರಿಯನ್ನು ಹಿತವಾಗಿ ಮಾಡುತ್ತವೆ. ಇಂಥ ಕೆಲಸಕ್ಕೆ ಕೈ ಹಾಕುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ನಾಳೆ ಇನ್ನೊಬ್ಬರು ಬಂದು ಇದನ್ನು ಮೊದಲಿನಂತೆ ಮಾಡಬೇಕೆಂದರೆ ಸ್ಪಾನರು ಸಾಕೆ, ಅಥವಾ ಗರಗಸ ಬೇಕೆ? ಸ್ಪಾನರಿಗೆ ಸಿಗುವ ಬದಲಾವಣೆಗೆ ಧೈರ್ಯವಾಗಿ ಕೈಹಾಕಬಹುದು. ತಗಡನ್ನು ಕೊಯ್ದು ಮಾಡುವ ಬದಲಾವಣೆಗೆ ಹತ್ತು ಸಲ ಯೋಚಿಸಬೇಕು. ತೆಗೆದ ಹಳೆಯ ಭಾಗಗಳಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ ಕಾರಿನ ಚರಿತ್ರೆ ಅದರ ಜೊತೆಯಲ್ಲಿಯೇ ಉಳಿಯುತ್ತದೆ.

ಕಾನೂನು ಕೂಡ ಈ ಭೇದವನ್ನು ಗುರುತಿಸಿದೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ. ಆದರೆ ಕಳೆದ 30 ವರ್ಷಗಳಲ್ಲಿ ಅದರ ಮೂಲ ರಚನೆಯನ್ನು ಗಣನೀಯವಾಗಿ ಬದಲಿಸಿದ್ದರೆ ಆ ವಿನಾಯಿತಿ ಇಲ್ಲ. ನಮ್ಮ ದೇಶದಲ್ಲಿಯೂ 2021ರಲ್ಲಿ ನಿಯಮ ಬಂದಿದೆ. 50 ವರ್ಷ ದಾಟಿ, ಚಾಸಿಸ್ಸು, ಮೈ, ಎಂಜಿನ್ನುಗಳು ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಅವಕ್ಕೆ ರಾಜ್ಯದ ಅಕ್ಷರಗಳ ಬಳಿಕ ವಿಎ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ತಾತನವರ ಅಂಬಾಸಿಡರನ್ನು ಷೆಡ್ಡಿನಲ್ಲಿ ಇಟ್ಟುಕೊಂಡಿರುವವರು ಅದರ ಎಂಜಿನ್ನನ್ನು ಕಿತ್ತು ಹೊಸದನ್ನು ಹಾಕುವ ಮೊದಲು ಈ ನಿಯಮವನ್ನು ಒಮ್ಮೆ ಓದಿಕೊಂಡರೆ ಮುಂದೆ ಪರಿತಪಿಸಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿ ಲಾಭವೇನು ಎಂದು ಕೇಳಬಹುದು. ಹಣದ ಲೆಕ್ಕದಲ್ಲಿ ನೋಡಿದರೆ ಸುರಿದದ್ದು ಮರಳಿ ಬರುವುದು ಅಪರೂಪ. ಆದರೆ ಒಂದು ಯಂತ್ರವನ್ನು ಕೊನೆಯ ನಟ್ಟಿನವರೆಗೂ ಬಿಚ್ಚಿ ಕೂಡಿಸಿದವನಿಗೆ ಅದರ ಪ್ರತಿಯೊಂದು ಸದ್ದೂ ಅರ್ಥವಾಗುತ್ತದೆ. ಮೊದಲ ಸಲ ಗೇಟಿನಿಂದ ಹೊರಗೆ ಹೊರಟಾಗ ಅವನು ಕಿವಿಗೊಡುವುದು ಎಂಜಿನ್ನಿನ ಆರ್ಭಟಕ್ಕಲ್ಲ. ಬ್ರೇಕು ಒತ್ತಿದಾಗ ಕಾರು ನೇರವಾಗಿ ನಿಂತಿತೆ, ರಸ್ತೆಯ ಉಬ್ಬಿನ ಮೇಲೆ ಹಾಯುವಾಗ ಬಾಗಿಲು ನರಳಿತೆ ಎಂಬುದಕ್ಕೆ. ಬಾಗಿಲು ಮೌನವಾಗಿದ್ದರೆ ಬೆನ್ನೆಲುಬು ಗಟ್ಟಿಯಾಗಿದೆ ಎಂದರ್ಥ. ಯಾರ ಕಣ್ಣಿಗೂ ಬೀಳದ ಆ ಹೊಸಿಲಿನ ಒಳಗೆ ತಾನು ಹಾಕಿದ ಬೆಸುಗೆ ಹೇಗಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಅವನ ಮಕ್ಕಳು ಪಕ್ಕದ ಸೀಟಿನಲ್ಲಿ ನಿರ್ಭಯವಾಗಿ ಕೂರುವುದು ಅದರ ಮೇಲೆಯೇ.